ಬಿರುಕಿನ ಪಕ್ಕ ತಾರೀಖು

ಪ್ರತಿ ತಿಂಗಳ ಮೊದಲ ದಿನ ಗೋಚಾ
ಗೋಡೆಯ ಬಿರುಕಿನ ತುದಿಗೆ ಪೆನ್ಸಿಲಿನ ಗೀಟೆಳೆದು
ಪಕ್ಕದಲ್ಲಿ ತಾರೀಖು ಬರೆಯುತ್ತಾನೆ.
ಮಾರ್ಚಿಯಲ್ಲಿ ಕಿಟಕಿಯ ಕೆಳಗಿತ್ತು.
ಈಗ ಮಾವನ ಫೋಟೋದ ಮೊಳೆ ಮುಟ್ಟಿದೆ.

ನಮ್ಮೂರಿನ ಹೊಟ್ಟೆಯಿಂದ ಮ್ಯಾಂಗನೀಸ್ ತೆಗೆದು
ಚಿಯಾತುರಾಕ್ಕೆ ಕಳಿಸುತ್ತಾರೆ, ಅಲ್ಲಿಂದ ಎಲ್ಲಿಗೋ.
ಮೇಲೆ ನಾವಿದ್ದೇವೆ. ಮೇಜಿದೆ.
ಮೇಜಿನ ಮೇಲೆ ಲೋಟ ತಾನಾಗಿಯೇ ಜಾರುತ್ತದೆ.
ನುತ್ಸಾಳಿಗೆ ಏಳು ವರ್ಷ, ಅವಳಿಗೆ ಇದೂ ಆಟ:
ಅಡುಗೆಮನೆಯಲ್ಲಿ ಗೋಲಿ ಬಿಟ್ಟು
ಬಾಗಿಲು ಮುಟ್ಟುವುದರೊಳಗೆ ಓಡಿ ಹಿಡಿಯುವುದು.
ನಾನೂ ಒಮ್ಮೆ ಆಡಿದೆ. ಸೋತೆ.

ಟಿಬಿಲಿಸಿಯ ಆಸ್ಪತ್ರೆಯಲ್ಲಿ ನನ್ನ ಗರ್ಭಕೋಶವನ್ನು ಹೊಗಳಿದರು.
ಇಷ್ಟು ವರ್ಷದಲ್ಲಿ ಅದನ್ನು ಯಾರೂ ಹೊಗಳಿರಲಿಲ್ಲ.
ಖಾಲಿ ಮನೆ ತೋರಿಸುವ ದಲ್ಲಾಳಿಯ ಹಾಗೆ
ಡಾಕ್ಟರಮ್ಮ ಪರದೆಯನ್ನು ನನ್ನತ್ತ ತಿರುಗಿಸಿದಳು.
ನನ್ನದೇ ಮನೆ, ನಾನೇ ಕತ್ತು ಚಾಚಿ ನೋಡಿದೆ.
ಬೂದು ಬಣ್ಣ. ಮೋಡವಿದ್ದ ಹಾಗಿತ್ತು.

ಫೋನಿನ ಗಾಜಿನಲ್ಲಿ ಯೂದಿತ್ ಎಂಬವಳು ಬಂದಳು,
ಮಡಿಲಲ್ಲಿ ಮುದಿ ಬೆಕ್ಕು.
ಐದು ಸಲ ನಿಂತಿತ್ತಂತೆ, ಐದು ಸಲವೂ ಹೋಯಿತಂತೆ.
ಕೇಳಲು ಏನೇನೋ ಬರೆದುಕೊಂಡಿದ್ದಳು,
ಚೀಟಿಯನ್ನು ಮಗುಚಿಟ್ಟು ಒಂದೇ ಕೇಳಿದಳು:
"ನಿನಗೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆಯೇ?"
ದುಭಾಷಿ ಹುಡುಗಿ ಎರಡು ಸಲ ಹೇಳಬೇಕಾಯಿತು.
ಬರುತ್ತದೆ ಎಂದೆ. ಸುಳ್ಳು.
ಅವಳೂ ತನಗೆ ಬರುತ್ತದೆ ಎಂದಳು.

ಅತ್ತೆ ಬೀನ್ಸ್ ಆರಿಸುತ್ತಾ, ತಲೆಯೆತ್ತದೆ ಹೇಳಿದ್ದು:
"ಆ ಕತ್ತಲೆಯ ಚಳಿಗಾಲ, ಕರೆಂಟಿಲ್ಲ,
ರೊಟ್ಟಿಗೆ ರಾತ್ರಿಯಿಡೀ ಸಾಲು.
ಪಕ್ಕದ ಲಾಮಾರಾಳ ಎದೆ ಬತ್ತಿತ್ತು.
ಒಂದು ಮೊಲೆ ಗೋಚಾಗೆ, ಒಂದು ಅವಳ ಮಗನಿಗೆ.
ಯಾರೂ ಕಾಗದ ಬರೆಸಿಕೊಳ್ಳಲಿಲ್ಲ.
ಅವನೀಗ ಬಟುಮಿಯಲ್ಲಿ ದೊಡ್ಡ ಮನುಷ್ಯ,
ನನ್ನನ್ನು ಕಂಡರೆ ಸಿಗರೇಟು ಬಿಸಾಕುತ್ತಾನೆ."
ಅದು ಒಪ್ಪಿಗೆಯೋ ಬೈಗುಳವೋ
ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಗೋಚಾ "ನಿನ್ನಿಷ್ಟ" ಎಂದ.
ಎಂದವನು ಹಿತ್ತಲಿಗೆ ಹೋಗಿ
ಸೀಳಿಟ್ಟ ಸೌದೆಯನ್ನೇ ಮತ್ತೆ ಸೀಳಿದ,
ಕಡ್ಡಿಯಾಗುವವರೆಗೆ.

ಹದಿನಾಲ್ಕು ಪುಟದ ಕರಾರು.
ಕೆಂಪು ವೈನ್ ಬೇಡ, ಒಪ್ಪಿದೆ. ಭಾರ ಎತ್ತುವುದು ಬೇಡ,
ಅದನ್ನು ಓದಿ ನಗು ಬಂತು, ಒಪ್ಪಿದೆ.
ಹೊರುತ್ತೇನೆ, ಹೆರುತ್ತೇನೆ, ಮುಖ ನೋಡದೆ ಕೊಡುತ್ತೇನೆ,
ಬೇಕೆಂದರೆ ನೋಡಿ ಕೊಡುತ್ತೇನೆ. ಎಲ್ಲಕ್ಕೂ ಸಹಿ.
ಹನ್ನೊಂದನೇ ಪುಟದಲ್ಲಿ ಕೈ ನಿಂತಿತು:
ಎರಡು ನಿಂತರೆ, ಒಂದನ್ನು ತೆಗೆಯಬೇಕೆಂದು ಅವರು ಹೇಳಿದರೆ?
ಹೌದು, ಒಂದು ಚೌಕ. ಇಲ್ಲ, ಒಂದು ಚೌಕ.
ನುತ್ಸಾಳ ಹಲ್ಲಿನಷ್ಟೇ ದೊಡ್ಡವು, ಬೆಳ್ಳಗೆ, ಪಕ್ಕಪಕ್ಕ.

ಬೆಳಿಗ್ಗೆ ತಿಳಿಸುತ್ತೇನೆಂದು ಎದ್ದುಬಂದೆ.

ಕಣಿವೆಯ ಮೇಲೆ ತಂತಿಗೆ ಜೋತು
ಅದಿರಿನ ತೊಟ್ಟಿಗಳು ಇಳಿಯುತ್ತಿದ್ದವು,
ತುಂಬಿ ಹೋಗುತ್ತವೆ, ಖಾಲಿ ಬರುತ್ತವೆ,
ಬರುವಾಗ ಗಾಳಿಗೆ ಹೆಚ್ಚು ಅಲ್ಲಾಡುತ್ತವೆ.
ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ,
ಬಸ್ಸಿನ ಕಿಟಕಿಯಿಂದ ಇವತ್ತೇ ಎಣಿಸಿದ್ದು.

ಮನೆಯಲ್ಲಿ ಕೋಟು ಬಿಚ್ಚಿದರೆ
ಆಸ್ಪತ್ರೆಯ ಪೆನ್ನು ಜೇಬಿನಲ್ಲೇ ಉಳಿದಿತ್ತು.
ಎಲ್ಲರೂ ಮಲಗಿದ ಮೇಲೆ ಗೋಡೆಯ ಮುಂದೆ ನಿಂತೆ.
ತಿಂಗಳಿಗೆ ಎರಡು ಬೆರಳು.
ಬೆರಳು ಜೋಡಿಸುತ್ತಾ ಮೇಲೆ ಹೋದೆ,
ಮೊಳೆ ದಾಟಿ, ಮಾವನ ಟೊಪ್ಪಿಗೆ ದಾಟಿ.
ಆರನೆಯದಕ್ಕೆ ಸ್ಟೂಲು ಬೇಕಾಯಿತು,
ವಾಲುವ ಕಾಲಿಗೆ ನುತ್ಸಾಳ ಚಪ್ಪಲಿ ಕೊಟ್ಟೆ.
ಏಳು, ಎಂಟು.
ಒಂಬತ್ತು ಮುಗಿದದ್ದು ಸೂರಿಗೆ ಗೇಣು ಕೆಳಗೆ.

ಅಲ್ಲಿ, ಇನ್ನೂ ಬಿರಿಯದ ಸುಣ್ಣದ ಮೇಲೆ,
ಆ ಪೆನ್ನಿನಿಂದ ಸಣ್ಣ ಗೀಟೆಳೆದೆ.
ತಾರೀಖು ಬರೆಯಲಿಲ್ಲ.