ಸುಣ್ಣದ ಸಾಲ

ಮೇ ತಿಂಗಳ ಯುಕತಾನಿನಲ್ಲಿ ಮಧ್ಯಾಹ್ನವೆಂದರೆ
ಹನ್ನೊಂದು ಕೋಳಿ, ಹನ್ನೊಂದು ತೆರೆದ ಕೊಕ್ಕು.
ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತಿರುತ್ತವೆ,
ಒದ್ದೆ ಬಟ್ಟೆಯಲ್ಲೇ ಅಂಗಳಕ್ಕೆ ಬಂದವರ ಹಾಗೆ.
ಮಣ್ಣಿನ ಬಾನಿಗೆ ಮೂರು ಸಲ ನೀರು ಬದಲಿಸಿ
ಹಗ್ಗದ ತೂಗುಮಂಚದಲ್ಲಿ ಬಿದ್ದುಕೊಂಡು
ಒಂದೇ ಕಾಲಿನಿಂದ ನೆಲವನ್ನು ತಳ್ಳುತ್ತ
ಕಿವಿಗೊಡುತ್ತೇನೆ.
ಮೊಟ್ಟೆಯಿಟ್ಟದ್ದನ್ನು ಓಣಿಗೆಲ್ಲ ಸಾರುವ ಆ ಜಂಬದ ಕೂಗು
ಹತ್ತು ದಿನದಿಂದ ಇಲ್ಲ.

ಗೂಡಿನಲ್ಲಿ ಅಂಟಂಟು ಹುಲ್ಲು,
ಒಣಗಿದ ಹಳದಿ,
ಉಗುರಿನಷ್ಟೂ ಇಲ್ಲದ ಚಿಪ್ಪಿನ ಚೂರು.

"ಓಚ್‌ನದೇ ಕೆಲಸ" ಎಂದ ಪಕ್ಕದ ಪಾಸ್ಕುವಾಲ್ ಕನೂಲ್.
ಹೊಟ್ಟೆಯ ಚೀಲದಲ್ಲಿ ಮರಿಗಳನ್ನು ಹೊತ್ತೇ ಗೋಡೆ ಹತ್ತುವ ಕಳ್ಳಿ ಅದು.
"ಹಾವು" ಎಂದಳು ಅವನ ಹೆಂಡತಿ.
ಹಾವಾದರೆ ಚೂರು ಉಳಿಸುತ್ತದೆಯೇ?
ಎರಡು ರಾತ್ರಿ ಬ್ಯಾಟರಿ ಹಿಡಿದು ಕೂತೆ.
ರಾಮೋನ್ ಮರದ ಹಣ್ಣಿಗೆ ಬಾವಲಿಗಳು ಬಂದು ಹೋದವು,
ಸೊಳ್ಳೆಗಳು ಬಂದು ಉಳಿದವು.

ಸಿಕ್ಕಿಬಿದ್ದದ್ದು ಹಗಲಲ್ಲೇ,
ನಾನು ಕಾವಲು ಬಿಟ್ಟು ಬಟ್ಟೆ ಒಗೆಯುವಾಗ.
ಬೋಳುಕುತ್ತಿಗೆಯವಳು,
ನನ್ನ ಅಚ್ಚುಮೆಚ್ಚಿನವಳು,
ತಾನೇ ಇಟ್ಟು, ತಿರುಗಿ ನಿಂತು,
ಒಂದೇ ಏಟು.
ಬೇಲಿ ಹೊಲ ಮೇಯ್ದರೆ ಯಾರಿಗೆ ದೂರುವುದು?

ಅತ್ತೆ ಎವ್ದೋಸಿಯಾಗೆ ಮದ್ದು ಗೊತ್ತಿತ್ತು:
ಮೊಟ್ಟೆಗೆ ತೂತು ಕೊರೆದು ಹಬನೆರೋ ಮೆಣಸು ಅರೆದು ತುಂಬು,
ಒಮ್ಮೆ ಬಾಯಿ ಸುಟ್ಟರೆ ಜನ್ಮಕ್ಕೆ ಸಾಕು.
ತುಂಬಿದೆ. ಇಟ್ಟೆ. ಬೇಲಿಯ ಹಿಂದೆ ನಿಂತೆ.
ತಿಂದಳು.
ಕೊಕ್ಕನ್ನು ಹುಲ್ಲಿಗೆ ಒರೆಸಿ
ಇನ್ನೊಂದಿದೆಯೇ ಎಂಬಂತೆ ನೋಡಿದಳು.
ಕಾಡಿನ ಮೆಣಸನ್ನು ತಿಂದು ತಿಂದು ಊರೂರಿಗೆ ಬಿತ್ತುವವು
ಹಕ್ಕಿಗಳೇ ಅಲ್ಲವೇ,
ಅವಕ್ಕೆಂಥ ಖಾರ!
ನಾನು ಮರೆತು ಕಣ್ಣುಜ್ಜಿಕೊಂಡೆ.
ಸಂಜೆಯವರೆಗೆ ಅತ್ತವಳು ನಾನು.

ಸಾರಿಗೆಂದು ಅತ್ತೆ ಹುಳಿಕಿತ್ತಳೆ ಕೊಯ್ದು ತಂದರು.
ಕತ್ತಿಯನ್ನೂ ಮಸೆದಿಟ್ಟರು.
ಅವಳನ್ನು ಹಿಡಿಯಲು ಗೂಡಿಗೆ ಬಗ್ಗಿ ನುಗ್ಗಿದಾಗ,
ಊದಿದ ಕಣ್ಣಿಗೇ ಕಂಡಿತು:
ಕಳೆದ ವರ್ಷ ಬಳಿದ ಸುಣ್ಣ
ಗೋಡೆಯ ಸುತ್ತಲೂ, ಸರಿಯಾಗಿ ಒಂದು ಕೊಕ್ಕಿನ ಎತ್ತರಕ್ಕೆ,
ಇಲ್ಲ.
ಗೆರೆ ಎಳೆದಂತೆ ಕುಕ್ಕಿ ಕುಕ್ಕಿ ಮುಗಿಸಿದ್ದಾರೆ.

ಊರಿಗೆ ಊರೇ ಸುಣ್ಣದ ಬಂಡೆಯ ಮೇಲೆ ಕೂತಿದೆ.
ದಿನಾ ರಾತ್ರಿ ಸುಣ್ಣದ ನೀರಲ್ಲಿ ಜೋಳ ಬೇಯಿಸುವವಳು ನಾನು,
ರೊಟ್ಟಿಯಾಗಿ ತಿಂದು
ಹಲ್ಲು ಗಟ್ಟಿ ಮಾಡಿಕೊಂಡವಳು.
ತೊಳೆಯಲು ಸಲೀಸೆಂದು
ಗೂಡಿನ ನೆಲಕ್ಕೆ ಸಿಮೆಂಟು ಹಾಕಿಸಿ, ಸುತ್ತ ಬಲೆ ಬಿಗಿಸಿ,
ನೆರೆಯವರನ್ನು ಕರೆದು ತೋರಿಸಿದವಳೂ ನಾನೇ.

ನಮ್ಮ ಮಾಯಾ ಮಾತಿನಲ್ಲಿ
ಕೋಳಿಗೂ ಕಾಡಿಗೂ ಹೆಚ್ಚುಕಮ್ಮಿ ಒಂದೇ ಹೆಸರು.
ಗಂಟಲಲ್ಲಿ ಒಂದು ಸಣ್ಣ ತಡೆ,
ನಡುವೆ ಇರುವುದು ಅಷ್ಟೇ.
ಆ ತಡೆಯ ಜಾಗದಲ್ಲಿ
ನಾನು ಸಿಮೆಂಟು ಹಾಕಿದ್ದೆ.

ಭಾನುವಾರ ಹಾರೆ ತಂದು ಒಡೆದೆ.
ಅತ್ತೆ ನೋಡುತ್ತ ನಿಂತು, ಕೊನೆಗೆ
ಕಿತ್ತಳೆಯನ್ನು ನೀರಿಗೆ ಹಿಂಡಿ ತಂದು ಕೊಟ್ಟರು.
ಸಕ್ಕರೆ ಹಾಕಿರಲಿಲ್ಲ.
ಚಪ್ಪಡಿಯ ಕೆಳಗೆ ಬಿಳಿ ಮಣ್ಣು ತಣ್ಣಗಿತ್ತು.
ಮೊದಲು ಬಂದವಳು ಅವಳೇ,
ಹೊಟ್ಟೆಯೂರಿ ಕೂತು, ಧೂಳು ಮೈಗೆಲ್ಲ ಎರಚಿಕೊಂಡು,
ನನ್ನ ಕಾಲ ಬೆರಳನ್ನೂ ಒಂದು ಸಲ ಕುಕ್ಕಿ ನೋಡಿದಳು.

ಇವತ್ತು ಗುರುವಾರ. ಒಂದು ಮೊಟ್ಟೆ.
ಚಿಪ್ಪು ಇನ್ನೂ ಎಳಸು,
ಒತ್ತಿದರೆ ಕೂಸಿನ ನೆತ್ತಿಯಂತೆ ತಗ್ಗುತ್ತದೆ.
ಯಾರಿಟ್ಟದ್ದೋ ಗೊತ್ತಿಲ್ಲ.
ಕೂಗಿದ್ದು ಮಾತ್ರ
ಬೋಳುಕುತ್ತಿಗೆಯವಳು.