ಜಗ್ಗು ನನ್ನದು, ಮೋಟಾರು ಅವಳದು

ಕರೆಂಟು ಬಂದದ್ದು ರಾತ್ರಿ ಎರಡೂ ಹತ್ತಕ್ಕೆ.
ಮೊದಲು ನಾಯಿ ಬೊಗಳಿತು. ಆಮೇಲೆ ಯಾರದೋ ರೇಡಿಯೋ
ನಿನ್ನೆ ನುಂಗಿದ್ದ ಅರ್ಧ ಮಾತನ್ನು
ಒಮ್ಮೆಗೇ ಕಕ್ಕಿದ ಹಾಗೆ ಕಿರುಚಿತು.
ಸಾಂತಿಯಾಗೋದ ಈ ಏರುಬೀದಿಯಲ್ಲಿ
ಬಂದರಿನ ಕಡೆಯಿಂದ ಒಂದೊಂದೇ ಕಿಟಕಿ ಹಳದಿಯಾಗುತ್ತ
ಬೆಳಕು ಮೇಲಕ್ಕೆ ಹತ್ತಿ ಬಂತು
ಬಸ್ಸು ತಪ್ಪಿಸಿಕೊಂಡು ನಡೆದು ಬಂದ ನೆಂಟನಂತೆ.

ಹದಿನಾಲ್ಕು ಗಂಟೆ ಬೆಂದಿದ್ದೆವು. ಹಾಸಿಗೆ ಒದ್ದೆ, ಗೋಡೆ ಬಿಸಿ.
ನಾನು ಮೆಟ್ಟಿಲ ಮೇಲೆ ಕೂತು
ರಟ್ಟಿನ ತುಂಡು ಬೀಸಿಕೊಳ್ಳುತ್ತಿದ್ದೆ.
ಆಗ ಎದುರು ಬಾಲ್ಕನಿಯಿಂದ ಎನೇಯ್ಡಾ:
"ಮಿಗ್ದಾಲಿಯಾ, ಜಗ್ಗು ತಗೊಂಡು ಬಾ."

ಅಷ್ಟೇ.
ಮಾರ್ಚಿಯಿಂದ ನಮ್ಮಿಬ್ಬರ ನಡುವೆ ತುಟಿ ಪಿಟಕ್ಕೆಂದಿರಲಿಲ್ಲ.
ನನ್ನ ಹಂದಿಮರಿ ಅವಳಮ್ಮನ ಕಸೂತಿಯ ಹೊದಿಕೆಯನ್ನು
ತಂತಿಯಿಂದೆಳೆದು ಅರ್ಧ ತಿಂದಿತ್ತು.
ಹಗ್ಗ ಬಿಗಿಯಾಗೇ ಇತ್ತು ಅಂದೆ ನಾನು.
ಹಂದಿಗಿಂತ ನಿನ್ನ ಬಾಯೇ ದೊಡ್ಡದು ಅಂದಳು ಅವಳು.

ನನ್ನ ಮಿಕ್ಸಿಯ ಮೋಟಾರು ಸುಟ್ಟು ಎರಡು ವರ್ಷ.
ಅವಳ ಜಗ್ಗು ಒಡೆದು ಇನ್ನೂ ಹೆಚ್ಚು.
ಒಂದು ದೇಶದ ಜಗ್ಗು, ಇನ್ನೊಂದು ದೇಶದ ಮೋಟಾರು.
ಎರಡನ್ನೂ ಕೂಡಿಸಿದ್ದು ಅವಳ ಗಂಡ ರೈನೇರಿಯೋ
ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಒಂದು ಉಂಗುರ.
ಜಗಳವಾಡಿದ ದಿನವೂ ಆ ಉಂಗುರ
ಯಾರ ಮನೆಯಲ್ಲಿರಬೇಕೆಂದು ಯಾರೂ ಕೇಳಲಿಲ್ಲ.

ಹೋದೆ. ಬರಿಗಾಲಲ್ಲೇ ಹೋದೆ.

ಅವಳ ಫ್ರೀಜರಿಗೆ ಮೂರು ಕಂಬಳಿ ಹೊದಿಸಿ
ಜ್ವರ ಬಂದ ಮಗುವಿನ ಹಾಗೆ ಕಾವಲು ಕೂತಿದ್ದಳಂತೆ,
ಬಾಗಿಲು ತೆರೆಯಲು ಮೊಮ್ಮಗಳಿಗೂ ಬಿಟ್ಟಿರಲಿಲ್ಲ.
ಒಳಗೆ ಮಮೇ ಹಣ್ಣಿನ ಹೋಳು:
ಹೊರಗೆ ಸಪೋಟದ ಒರಟು ಸಿಪ್ಪೆ,
ಒಳಗೆ ಹಸಿ ಇಟ್ಟಿಗೆಯ ಕೆಂಪು.
ಅಂಚು ಮೆತ್ತಗಾಗಿತ್ತು, ನಡುವೆ ಇನ್ನೂ ಕಲ್ಲು.
"ಬೆಳಗಿನ ತನಕ ಬಿಟ್ಟರೆ ಹುಳಿ," ಅಂದಳು,
ನನ್ನ ಮುಖ ನೋಡದೆ, ಹಣ್ಣಿಗೆ ಹೇಳಿದಂತೆ.

ಪಡಿತರದ ಕಂದು ಸಕ್ಕರೆ ಮೂರು ಚಮಚ.
ಹಾಲಿಲ್ಲ, ಹಾಲಿನ ಮಾತೂ ಇಲ್ಲ.
ಕುದಿಸಿ ಆರಿಸಿದ ನೀರು, ಒಂದು ಚಿಟಿಕೆ ಉಪ್ಪು,
ಅರ್ಧ ನಿಂಬೆ. ಬೀಜ ಬಿದ್ದರೆ ಬೀಳಲಿ.
ಮುಚ್ಚಳ ಎಂದೋ ಕಳೆದಿತ್ತು,
ನಾನು ಅಂಗೈಯಿಂದ ಬಾಯಿ ಮುಚ್ಚಿದೆ, ಜಗ್ಗಿನದು.
ಅವಳು ಬುಡ ಹಿಡಿದಳು,
ಇಲ್ಲದಿದ್ದರೆ ಮೋಟಾರು ಮೇಜಿನ ಮೇಲೆ ನಡೆದುಬಿಡುತ್ತದೆ.

ಗರ್ರ್ ಅಂತ ಒದರಿತು. ಹೋಳು ಸಿಕ್ಕಿಕೊಂಡಿತು.
ಸುಟ್ಟ ರಬ್ಬರಿನ ವಾಸನೆ. ನಿಲ್ಲಿಸಿ,
ಮರದ ಚಮಚದಿಂದ ಚುಚ್ಚಿ, ಮತ್ತೆ.
ಆಗ ಕೇಳಿಸಿತು: ಪಕ್ಕದ ಮನೆಯಲ್ಲೂ ಗರ್ರ್,
ಮೇಲಿನ ತಿರುವಿನಲ್ಲೂ, ಕೆಳಗೆ ನಾವಿದನ ಮನೆಯಲ್ಲೂ.
ಇಡೀ ಬೀದಿ ಎರಡೂವರೆ ರಾತ್ರಿಯಲ್ಲಿ ಎದ್ದು
ಕರಗುತ್ತಿದ್ದ ಹಣ್ಣನ್ನು ಅರೆಯುತ್ತಿತ್ತು.

ಜ್ಯಾಮಿನ ಹಳೇ ಶೀಸೆಯಲ್ಲಿ ಸುರಿದಳು.
ಅದು ಹರಿಯಲಿಲ್ಲ, ಜಾರಿತು,
ದಪ್ಪಗೆ, ಮಂಜಿನ ಹರಳು ಹೊತ್ತು.
ಮೊದಲ ಗುಟುಕಿಗೇ ಹಣೆಯ ನಡುವೆ ಮೊಳೆ ಹೊಡೆದಂತಾಗಿ
ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿ "ಅಯ್ಯೋ" ಅಂದೆವು.
ಮೊಮ್ಮಗಳು ಯಾದಿರಾ ನಿದ್ದೆಗಣ್ಣಲ್ಲೇ ಬಂದು
ಮೀಸೆ ಬರುವಷ್ಟು ಕುಡಿದು, ನಮ್ಮನ್ನು ನೋಡಿ,
"ಇವರಿಬ್ಬರೂ ಮಾತಾಡ್ತಾರಾ?" ಅಂದಳು.
ಉತ್ತರ ಯಾರೂ ಕೊಡಲಿಲ್ಲ.

ಎರಡನೇ ಸಲ ಅರೆಯುವಾಗ, ಅರ್ಧಕ್ಕೆ,
ಹೋಯಿತು.
ಬೀದಿಯ ಎಲ್ಲ ಗರ್ರ್ ಒಂದೇ ಉಸಿರಲ್ಲಿ ನಿಂತು
ಯಾವನೋ ಸರ್ಕಾರದ ತಾಯಿಯನ್ನು ನೆನೆದ.
ಕತ್ತಲಲ್ಲಿ ಜಗ್ಗಿಗೇ ಎರಡು ಚಮಚ ಹಾಕಿ
ಅರೆಯದೆ ಉಳಿದ ಗಟ್ಟಿ ಹೋಳುಗಳನ್ನು ತಿಂದೆವು.
ಚಮಚಕ್ಕೆ ಚಮಚ ತಾಗುತ್ತಿತ್ತು.

"ಹಂದಿ ಎಷ್ಟು ದಪ್ಪಗಾಗಿದೆ?" ಅಂತ ಕೇಳಿದಳು.
"ಡಿಸೆಂಬರಿಗೆ ಆದೀತು."
ಇನ್ನೊಂದು ಹೋಳು ಅಗಿದಳು, ನಿಧಾನ,
ಹಲ್ಲು ಜುಮ್ಮೆಂದಿರಬೇಕು.
"ಒಂದು ತೊಡೆ ನನ್ನದು.
ನನ್ನಮ್ಮನ ಕಸೂತಿ ಅದರೊಳಗಿದೆ."