ಐದು ಅಂಕದ ಪ್ರಶ್ನೆ

ಸಾಮೋಸ್ ದ್ವೀಪದ ದಡದಲ್ಲಿ
ಮುದುಕ ಸ್ತ್ರಾತಿಸ್ ಪೈನ್ ಹಲಗೆಯ ಮೇಲೆ
ಕೀಸುಳಿ ಆಡಿಸುತ್ತಿದ್ದಾನೆ.
ಸುರುಳಿ ಸುರುಳಿ ಹೊಟ್ಟಿನ ಮೇಲೆ
ಮೊಮ್ಮಗಳು ಅರ್ಗಿರೋ,
ತೊಡೆಯಲ್ಲಿ ನೋಟುಬುಕ್ಕು:

‘ಫಿಲೊಸೊಫಿಯಾ’ – ಪದ ಬಿಡಿಸಿ, ಅರ್ಥ ಬರೆಯಿರಿ.

ಸೊಫಿಯಾ ಎಂದರೆ ಜ್ಞಾನ. ಬರೆದಾಯಿತು.
ಟೀಚರು ಇನ್ನೊಂದು ಹೇಳಿದ್ದರು,
ಪರೀಕ್ಷೆಗೆ ಬರುವುದಿಲ್ಲವೆಂದು ಇವಳು ಬರೆದುಕೊಂಡಿರಲಿಲ್ಲ:
ಆ ಪದಕ್ಕೆ ಗಡ್ಡ ಮೂಡುವ ಮೊದಲು
ಅದು ಬಡಗಿಯ ಅಂಗೈಯಲ್ಲಿತ್ತಂತೆ.
ನೂಲು ಹಿಡಿದು ಹಡಗಿನ ಮರವನ್ನು
ನೆಟ್ಟಗೆ ಮಾಡುವ ಹದ, ಅದೇ ಸೊಫಿಯಾ.
ಆಮೇಲೆ ಮೊಣಕೈ ದಾಟಿ, ಭುಜ ಹತ್ತಿ,
ತಲೆಗೇರಿತು.

“ಫಿಲೊ ಅಂದರೆ, ಪಪ್ಪೂ?”
ಕೇಳಿಸಲಿಲ್ಲ. ಕಿವಿ ತುಂಬ ಮರದ ಧೂಳು.
ಬುತ್ತಿಯಿಂದ ರೊಟ್ಟಿಯ ಚೂರೊಂದು ಜಾರಿತು.
ಬಗ್ಗಿ ಎತ್ತಿದ, ಹೊಟ್ಟು ಊದಿದ,
ಮುತ್ತಿಟ್ಟು ಹಲಗೆಯ ಮೇಲಿಟ್ಟ.
ಹಸಿವಿನ ವರ್ಷಗಳನ್ನು ಕಂಡ ಅಮ್ಮ ಕಲಿಸಿದ್ದು.
(ಗೆಳೆಯನಿಗೂ ಮುತ್ತಿಗೂ
ಅವರ ಮಾತಿನಲ್ಲಿ ಬೇರು ಒಂದೇ.)

ಅರ್ಗಿರೋ ಪೆನ್ಸಿಲು ಕಚ್ಚಿದಳು.
ಜೋರಾಗಿ ಕೇಳಿದಳು:
“ದೋಣಿ ಕಟ್ಟೋದು ನಿನಗೆ ಪೂರ್ತಿ ಗೊತ್ತಾ?”
“ಅರವತ್ತು ವರ್ಷ ಆಯಿತು.
ಇದು ತೇಲುತ್ತೋ ಇಲ್ಲವೋ ಅಂತ
ನಿನ್ನೆ ರಾತ್ರಿಯೂ ನಿದ್ದೆ ಇಲ್ಲ.”

ಬರೆದಳು: ಬಲ್ಲವನಲ್ಲ, ಒಲಿದವ.
ಅಳಿಸಿದಳು. ಐದು ಅಂಕಕ್ಕೆ ಇಷ್ಟು ಸಾಲದು.
ಮತ್ತೆ ಬರೆದಳು: ಜ್ಞಾನದ ಮೇಲಿನ ಪ್ರೀತಿ.
ಮತ್ತೆ ಅಳಿಸಿದಳು.

ಕಾಗದ ಸವೆದು ತೂತಾಗಿ
ಅದರಾಚೆ ಒಂದು ಕಾಳಿನಷ್ಟು
ಸಮುದ್ರ.